ಶಿವನಸಮುದ್ರದ ವಿದ್ಯುತ್ತೂ ಶಕ್ತಿಸಂಚಯದ ವಿಚಾರವೂ

ಕಾವೇರಿಯು ತಲಕಾಡನ್ನು ದಾಟಿ ಮುಂದೆ ಹರಿದು, ಶಿವನಸಮುದ್ರದ ನಡುಗಡ್ಡೆಯ ಬಳಿ ಎರಡು ಕವಲಾಗಿ ಒಡೆದು, ಎಡಗವಲಿನಲ್ಲಿ ಗಗನಚುಕ್ಕಿಯೆಂದೂ ಬಲಗವಲಿನಲ್ಲಿ ಭರಚುಕ್ಕಿಯೆಂದೂ ಹೆಸರು ಪಡೆದು ಧುಮುಕುವುದು ಎಲ್ಲರೂ ಬಲ್ಲ ವಿಷಯ. ಈ ಎರಡು ದಡಗಳು ಒಂದೂವರೆ ಶತಮಾನಕ್ಕೂ ಮಿಕ್ಕು ಎರಡು ಸರಕಾರಗಳಿಗೆ ಸೇರಿದ್ದುವೆಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಶ್ರೀರಂಗಪಟ್ಟಣವು ಬಿದ್ದ ೧೭೯೯ರಿಂದ ಮೊದಲುಗೊಂಡು ೧೯೫೬ರವರೆಗೆ ಕೊಳ್ಳೇಗಾಲದ ಸೀಮೆಯು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಒಳಪಟ್ಟಿದ್ದಿತು. ಎದುರು ದಡದ ಮಳವಳ್ಳಿಯು ಮೈಸೂರಿನದು. ಇಂದು ಬೇರೆ ತಾಲ್ಲೂಕಾಗಿರುವ ಹನೂರು ಆಗ ಕೊಳ್ಳೇಗಾಲಕ್ಕೇ ಸೇರಿದ್ದ ಬೆಟ್ಟಗಾಡು. ಹದಿಬದೆಯ ಧರ್ಮದ ಹೊನ್ನಮ್ಮನ ಊರೆಂದು ಸಾಹಿತ್ಯಪ್ರಿಯರಿಗೆ ಪರಿಚಿತವಾದ ಯಳಂದೂರಾದರೋ, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ದತ್ತವಾದ ಮೈಸೂರಿನ ಜಹಗೀರು. ಈ ಹಂಚಿಕೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಹೇಳುವ ಸಂಗತಿಗಳು ಸುಲಭವಾಗಿ ತಿಳಿದಾವು.

ಶಿವನಸಮುದ್ರದಲ್ಲಿ ವಿದ್ಯುಚ್ಛಕ್ತಿಯ ಉತ್ಪತ್ತಿಯಾದ ಕಥೆಯನ್ನು ಅನೇಕರು ಬರೆದಿರುತ್ತಾರೆ. ಉತ್ಪತ್ತಿಯಾದ ಶಕ್ತಿಯನ್ನು ಕೂಡಿಡುವುದು ಹೇಗೆ, ಯಾರಿಗಾಗಿ, ಎಷ್ಟು ಹೊತ್ತಿಗಾಗಿ ಎಂಬ ಪ್ರಶ್ನೆಯು ಆ ಕಥೆಯ ಒಳಗೆ ಮೊದಲಿನಿಂದಲೂ ಅಡಗಿದ್ದು, ಇಂದು ಬ್ಯಾಟರಿಗಳ ರೂಪದಲ್ಲಿ ಮತ್ತೆ ಮೇಲೆದ್ದಿರುವುದರಿಂದ, ಅದನ್ನೇ ಇಲ್ಲಿ ವಿಚಾರಿಸುವೆವು.

ಯೋಜನೆಯು ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ್ದು. ಅದರ ಶಿಲ್ಪಿಯೆನ್ನಬಹುದಾದ ಜೋಲಿ ಡಿ ಲಾಟ್‌ಬಿನಿಯರ್ ಎಂಬ ಸೇನಾ ಇಂಜಿನಿಯರು ಯೂರೋಪು ಅಮೆರಿಕಾಗಳನ್ನು ಸುತ್ತಿ ಬಂದು ಅಂದಾಜುಗಳನ್ನು ಒಪ್ಪಿಸಿದನು. ಜಲಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಸಂಸ್ಥೆಯಿಂದಲೂ, ವಿದ್ಯುದ್ಯಂತ್ರಗಳು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದಲೂ ಬಂದುವು. ೧೯೦೨ನೆಯ ಇಸವಿ ಜೂನ್ ೩೦ರಂದು ಪ್ರವಾಹವು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಶೇಷಾದ್ರಿ ಅಯ್ಯರ್ ಅವರು ಇದನ್ನು ನೋಡಲು ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆಗ ದಿವಾನಗಿರಿಯಲ್ಲಿದ್ದವರು ಪೂರ್ಣಯ್ಯನವರ ವಂಶಸ್ಥರೂ ಯಳಂದೂರಿನ ಜಹಗೀರ್ದಾರರೂ ಆದ ಪಿ. ಎನ್. ಕೃಷ್ಣಮೂರ್ತಿಗಳು. ಅವರ ಜಹಗೀರಿನ ಆಚೆಗೇ ಹುಟ್ಟಿದ ಶಕ್ತಿಯು ೯೨ ಮೈಲಿ ದೂರದ ಗಣಿಗೆ ಹೋಯಿತೇ ಹೊರತು ಮೊದಲ ತಂತಿಯು ಯಳಂದೂರಿನ ಕಡೆಗಾಗಲಿ ಕೊಳ್ಳೇಗಾಲದ ಕಡೆಗಾಗಲಿ ತಿರುಗಲಿಲ್ಲ. ಹಣ ತೆರುವವರು ಗಣಿಯ ಕಂಪೆನಿಗಳಾಗಿದ್ದುದರಿಂದ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಇಲ್ಲಿ ಒಂದು ಮಾತನ್ನು ತಿದ್ದಬೇಕಾಗಿದೆ. ಶಿವನಸಮುದ್ರದ್ದು ಏಷ್ಯದಲ್ಲಿಯೇ ಮೊದಲನೆಯ ಜಲವಿದ್ಯುತ್ ಕೇಂದ್ರವೆಂದು ಪಾಠಪುಸ್ತಕಗಳೂ ಭಾಷಣಕಾರರೂ ಹೇಳುವುದುಂಟು. ಜಪಾನಿನ ಕ್ಯೋಟೋ ನಗರದ ಕೇಯಾಗೆಯಲ್ಲಿ ೧೮೯೧ರಲ್ಲಿಯೂ, ನಮ್ಮ ದೇಶದಲ್ಲೇ ಡಾರ್ಜಿಲಿಂಗಿನ ಸಿದ್ರಾಪಾಂಗಿನಲ್ಲಿ ೧೮೯೭ರಲ್ಲಿಯೂ ನೀರಿನಿಂದ ವಿದ್ಯುತ್ತು ಉತ್ಪನ್ನವಾಗಿದ್ದಿತು. ಶಿವನಸಮುದ್ರದ ನಿಜವಾದ ಹಿರಿಮೆಯು ಬೇರೆ. ೩೦,೦೦೦ ವೋಲ್ಟುಗಳ ಒತ್ತಡದಲ್ಲಿ ೯೨ ಮೈಲಿ ದೂರಕ್ಕೆ ಶಕ್ತಿಯನ್ನು ಸಾಗಿಸಿದ ಧೈರ್ಯವು ಆ ಕಾಲಕ್ಕೆ ಲೋಕದಲ್ಲಿಯೇ ವಿರಳವಾಗಿದ್ದಿತು. ೧೮೯೬ರಲ್ಲಿ ನಯಾಗರಾ ಜಲಪಾತದಿಂದ ಬಫಲೋ ನಗರಕ್ಕೆ ಎಳೆದ ಪ್ರಸಿದ್ಧವಾದ ತಂತಿಯ ಉದ್ದವು ೨೬ ಮೈಲಿ ಮಾತ್ರ.

ಆದರೆ ಈ ಧೈರ್ಯಕ್ಕೆ ಒಂದು ಬೆಲೆಯನ್ನು ತೆರಬೇಕಾಯಿತು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆಯು ೧೮೫೯ರಲ್ಲಿ ಸೀಸದ ಹಲಗೆಗಳನ್ನು ಗಂಧಕಾಮ್ಲದಲ್ಲಿ ಅದ್ದಿ, ಬರಿದಾದ ಮೇಲೆ ಮತ್ತೆ ತುಂಬಬಹುದಾದ ಘಟವನ್ನು ಕಂಡುಹಿಡಿದಿದ್ದನು. ೧೮೮೧ರಲ್ಲಿ ಕಮಿಲ್ ಫೋರನು ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು ತಕ್ಕಂತೆ ಸುಧಾರಿಸಿದನು. ಆಗಿನ ಪಟ್ಟಣಗಳ ದೀಪದ ಕೇಂದ್ರಗಳು ಬಹುಮಟ್ಟಿಗೆ ಏಕಮುಖ ಪ್ರವಾಹದವಾಗಿದ್ದು, ಅನೇಕ ಕಡೆಗಳಲ್ಲಿ ಇಂಥ ಘಟಗಳ ಸಾಲುಗಳನ್ನು ಇಟ್ಟುಕೊಂಡು, ಹಗಲು ತುಂಬಿ ಸಂಜೆ ಬಳಸುತ್ತಿದ್ದುವು. ಏಕಮುಖ ಪ್ರವಾಹವು ದೂರ ಹೋಗದು. ಪರ್ಯಾಯ ಪ್ರವಾಹವು ದೂರ ಹೋಗುವುದು, ಆದರೆ ಘಟದಲ್ಲಿ ನಿಲ್ಲದು. ಕೋಲಾರವು ದೂರವಿದ್ದುದರಿಂದ ಮೈಸೂರು ಸರಕಾರವು ಪರ್ಯಾಯ ಪ್ರವಾಹವನ್ನು ಆರಿಸಿತು. ಆ ಆಯ್ಕೆಯೊಡನೆ ತಂತಿಯ ಕೊನೆಯಲ್ಲಿ ಶಕ್ತಿಯನ್ನು ಕೂಡಿಡುವ ದಾರಿಯು ಮುಚ್ಚಿಹೋಯಿತು. ಸಂಚಯವು ಬೇಕೇ ಬೇಕಾದಲ್ಲಿ ಅದನ್ನು ತಂತಿಯ ಮೊದಲಿನಲ್ಲಿ, ಅಂದರೆ ಹೊಳೆಯಲ್ಲಿ, ಹುಡುಕಬೇಕಾಯಿತು. ಕನ್ನಂಬಾಡಿಯ ಬೀಜವು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಮೊದಮೊದಲು ತೊಂದರೆಯು ಕಾಣಿಸಲಿಲ್ಲ. ಗಣಿಯಲ್ಲಿ ಅದಿರನ್ನು ಕುಟ್ಟುವ ಯಂತ್ರಗಳು ಹಗಲಿರುಳೂ ಒಂದೇ ಸಮನೆ ನಡೆಯುವಂಥವು; ಅವುಗಳ ಬೇಡಿಕೆಯಲ್ಲಿ ಏರಿಳಿತ ಕಡಮೆ. ಮೊದಲ ಹಂತದ ೪,೦೦೦ ಅಶ್ವಶಕ್ತಿಗೆ, ಸುಮಾರು ೪೦೦ ಅಡಿಯ ಬೀಳಿನಲ್ಲಿ, ಸೆಕೆಂಡಿಗೆ ಸುಮಾರು ೧೧೦ ಘನ ಅಡಿ ನೀರು ಸಾಕೆಂದು ಲೆಕ್ಕದಿಂದ ತಿಳಿಯುವುದು. ಯಂತ್ರಗಳ ಹಾಗೂ ತಂತಿಯ ನಷ್ಟವನ್ನು ಸೇರಿಸಿದರೆ ಇನ್ನೂ ಸ್ವಲ್ಪ. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ದೀಪವು ಗಣಿಯ ಯಂತ್ರದಂತಲ್ಲ. ಸಂಜೆ ಎದ್ದು ನಡುರಾತ್ರಿಗೆ ಮಲಗುವಂಥದು. ಇಂದು ಇಡಿಯ ರಾಜ್ಯದ ವಿದ್ಯುತ್ ಅಧಿಕಾರಿಗಳನ್ನು ಕಾಡುತ್ತಿರುವ ಸಂಜೆಯ ಏರಿಕೆಯು ಈ ಸೀಮೆಯ ವಿದ್ಯುತ್ತಿಗೆ ಅಂಟಿಕೊಂಡುದು ಆ ದಿನವೇ. ಗಣಿಯವರೂ ಹೆಚ್ಚು ಹೆಚ್ಚು ಶಕ್ತಿಯನ್ನು ಕೇಳತೊಡಗಿದರು. ಮಳೆಗಾಲದಲ್ಲಿ ಉಕ್ಕಿ ಹರಿಯುವ ಕಾವೇರಿಯು ಬೇಸಗೆಯಲ್ಲಿ ಬಂಡೆಗಳ ನಡುವೆ ಸಣ್ಣ ಕಾಲುವೆಗಳಂತಾಗುವುದನ್ನು ಶಿವನಸಮುದ್ರಕ್ಕೆ ಹೋದವರೆಲ್ಲರೂ ಕಂಡಿರುವರಷ್ಟೆ.

೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕಟ್ಟೆಯನ್ನು ಮುಂದಿಟ್ಟಾಗ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮಂಡ್ಯದ ನೀರಾವರಿಯಷ್ಟೇ ತುರ್ತಾಗಿದ್ದುದು ಗಣಿಗೆ ಶಕ್ತಿಯನ್ನು ತಪ್ಪದೆ ಒದಗಿಸುವ ಹೊಣೆ. ಕಬ್ಬು ಬತ್ತಗಳ ಚಿತ್ರವು ನಮ್ಮ ಕಣ್ಣಿಗೆ ಕಟ್ಟಿರುವುದರಿಂದ ಈ ಎರಡನೆಯ ಕಾರಣವು ಮರೆಯಾಗಿದೆ. ಹಣಕಾಸಿನ ಇಲಾಖೆಯ ಹಿಂಜರಿಕೆಯನ್ನು ದಾಟಿ, ದಿವಾನ್ ಟಿ. ಆನಂದರಾಯರ ಬೆಂಬಲದಿಂದ, ೧೯೧೧ರಲ್ಲಿ ೮೧ ಲಕ್ಷ ರೂಪಾಯಿಗಳ ಮೊದಲ ಹಂತಕ್ಕೆ ಮಹಾರಾಜರ ಅಪ್ಪಣೆಯಾಗಿ, ಅದೇ ನವೆಂಬರಿನಲ್ಲಿ ಕೆಲಸ ಮೊದಲಾಯಿತು. ಗಣಿಗೆ ಹೆಚ್ಚಿನ ಶಕ್ತಿಯನ್ನು ಕೊಡುವುದಾಗಿ ಒಪ್ಪಿಕೊಂಡ ೧೯೧೫ನೆಯ ವರ್ಷವು ಕೆಲಸಗಾರರ ಬೆನ್ನ ಮೇಲಿದ್ದಿತು. ಮದರಾಸಿನ ಆಕ್ಷೇಪಣೆಯಿಂದಾಗಿ ಮೊದಲ ಹಂತಕ್ಕೆ ೧೧ ಟಿ.ಎಂ.ಸಿ., ಎಂದರೆ ೧,೧೦೦ ಕೋಟಿ ಘನ ಅಡಿಯ, ಸಂಚಯಕ್ಕೆ ಮಾತ್ರ ಅನುಮತಿ ದೊರೆಯಿತು. ಮೈಸೂರಿನವರು ಮುಂದಿನ ಎತ್ತರಕ್ಕೂ ಸಾಲುವ ಅಸ್ತಿಭಾರವನ್ನು ಹಾಕಿಯೇ ಬಿಟ್ಟರು. ಮದರಾಸಿನವರಿಗೆ ಇದು ಕುಹಕವಾಗಿ ತೋರಿತು. ೧೯೧೪ರ ಪಂಚಾಯಿತಿ ತೀರ್ಪು, ೧೯೨೪ರ ಒಪ್ಪಂದ ಎಲ್ಲವೂ ಈ ಜಗಳದ ಕವಲುಗಳೇ. ಶಿಲ್ಪದೃಷ್ಟಿಯಿಂದ ನೋಡಿದರೆ ಮೊದಲು ಚಿಕ್ಕದಾಗಿ ಕಟ್ಟಿ, ಬೆಳೆಸಲು ಎಡೆಯನ್ನು ಬಿಟ್ಟುಕೊಳ್ಳುವುದು ಶಕ್ತಿಸಂಚಯದ ಎಲ್ಲ ರಚನೆಗಳಲ್ಲಿಯೂ ವಿವೇಕದ ಕ್ರಮ. ಇಂದು ಬ್ಯಾಟರಿಯ ಅಂಗಳವನ್ನು ರಚಿಸುವವರೂ ಹತ್ತು ವರ್ಷಗಳ ಮೇಲೆ ಸೇರಿಸಬೇಕಾದ ಪೆಟ್ಟಿಗೆಗಳಿಗೆ ನೆಲವನ್ನೂ ತಂತಿಯನ್ನೂ ಮೊದಲೇ ಕಾದಿರಿಸುತ್ತಾರೆ.

ಸಂಚಿತವಾದ ನೀರನ್ನು ಶಕ್ತಿಯ ಅಳತೆಯಲ್ಲಿ ಹೇಳುವುದಾದರೆ ಹೀಗೆ. ಒಂದು ಟಿ.ಎಂ.ಸಿ. ನೀರು ಶಿವನಸಮುದ್ರದ ೪೦೦ ಅಡಿ ಇಳಿದಾಗ, ನೂರಕ್ಕೆ ೮೦ರ ದಕ್ಷತೆಯಲ್ಲಿ, ಸುಮಾರು ೭೫ ಲಕ್ಷ ಯೂನಿಟ್ ವಿದ್ಯುತ್ತು ದೊರೆಯುವುದು. ಮೊದಲ ಹಂತದ ೧೧ ಟಿ.ಎಂ.ಸಿ.ಗೆ ಎಂಟೂಕಾಲು ಕೋಟಿ ಯೂನಿಟ್ಟಾಯಿತು. ಒಣಗಿದ ಐದು ತಿಂಗಳುಗಳಿಗೆ ಸಮನಾಗಿ ಹಂಚಿದರೆ, ಆವಿಯಾಗುವುದನ್ನು ಬಿಟ್ಟು, ಎಡೆಬಿಡದೆ ಸುಮಾರು ೨೩,೦೦೦ ಕಿಲೋವಾಟ್. ಗಣಿಯವರಿಗೆ ಬೇಕಾಗಿದ್ದುದು ಇಂಥ ಸಂಚಯವೇ: ಋತುವಿನಿಂದ ಋತುವಿಗೆ ದಾಟಿಸುವ ಸಂಚಯ. ಸಂಜೆಯ ದೀಪಕ್ಕೆ ಅದು ಅಷ್ಟು ಚೆನ್ನಾಗಿ ಒದಗದು. ಕನ್ನಂಬಾಡಿಯ ತೂಬನ್ನು ಎತ್ತಿದ ಕ್ಷಣಕ್ಕೆ ಶಿವನಸಮುದ್ರದಲ್ಲಿ ನೀರು ಏರುವುದಿಲ್ಲ. ಶ್ರೀರಂಗಪಟ್ಟಣ, ತಿರುಮಕೂಡಲು, ತಲಕಾಡುಗಳನ್ನು ಬಳಸಿ ಬರಬೇಕು.

ಈಗ ಬ್ಯಾಟರಿಯ ವಿಷಯಕ್ಕೆ ಬರೋಣ. ಪರ್ಯಾಯ ಪ್ರವಾಹವನ್ನು ಏಕಮುಖವಾಗಿಯೂ ಅದನ್ನು ತಿರುಗಿ ಪರ್ಯಾಯವಾಗಿಯೂ ಕೂದಲೆಳೆಯ ನಷ್ಟದಲ್ಲಿ ಮಾರ್ಪಡಿಸುವ ಅರೆವಾಹಕ ಯಂತ್ರಗಳು ಬಂದ ಮೇಲೆ, ೧೯೦೨ರಲ್ಲಿ ಮುಚ್ಚಿದ ದಾರಿಯು ಮತ್ತೆ ತೆರೆಯಿತು. ಇದರ ರಚನೆಯನ್ನು ವಿವರಿಸಲು ಹೊಸ ಪರಿಭಾಷೆಯನ್ನು ಹೊಸೆಯುವ ಕಷ್ಟವು ನಮಗೆ ಬೇಡ. ಕೆರೆ ಕಟ್ಟಿದವರ ಮಾತುಗಳು ಸಿದ್ಧವಾಗಿವೆ. ಕೆರೆಗೆ ಅಂಗಳವೊಂದು, ತೂಬೊಂದು. ಎಷ್ಟು ಹಿಡಿಯುವುದೆಂಬುದು ಅಂಗಳದ ಮಾತು. ಎಷ್ಟು ವೇಗವಾಗಿ ಹೊರಬಿಡಬಹುದೆಂಬುದು ತೂಬಿನ ಮಾತು. ಬ್ಯಾಟರಿಯಲ್ಲಿ ಅಂಗಳವನ್ನು ಕಿಲೋವಾಟ್-ಗಂಟೆಗಳಿಂದಲೂ, ಅಂದರೆ ಯೂನಿಟ್ಟುಗಳಿಂದಲೂ, ತೂಬನ್ನು ಕಿಲೋವಾಟುಗಳಿಂದಲೂ ಅಳೆಯುತ್ತಾರೆ. ವರ್ತಮಾನ ಪತ್ರಿಕೆಗಳು ಈ ಎರಡನ್ನೂ ಬೆರಸಿ ಬರೆಯುವುದರಿಂದ ಓದುವವರಿಗೆ ಗೊಂದಲವಾಗುತ್ತದೆ. ೨೦೧೭ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಹಾರ್ನ್ಸ್‌ಡೇಲಿನಲ್ಲಿ ನಿಂತ ಪ್ರಖ್ಯಾತ ಬ್ಯಾಟರಿಯ ತೂಬು ಆಗ ೧೦೦ ಮೆಗಾವಾಟ್, ಅಂಗಳ ೧೨೯ ಮೆಗಾವಾಟ್-ಗಂಟೆ. ಪೂರ್ಣ ತೆರೆದರೆ ಒಂದೂಕಾಲು ಗಂಟೆಗೆ ಬರಿದು. ೨೦೨೪ರಲ್ಲಿ ಛತ್ತೀಸಗಢದ ರಾಜನಂದಗಾಂವಿನಲ್ಲಿ ಸೌರಕ್ಷೇತ್ರದ ಜೊತೆಗೆ ನಿಂತುದರ ತೂಬು ೪೦, ಅಂಗಳ ೧೨೦. ಮೂರು ಗಂಟೆ ನಡೆಯುವುದು. ಮೊದಲನೆಯದು ವಿದ್ಯುಜ್ಜಾಲದ ಹಠಾತ್ತಾದ ಅಲುಗಾಟವನ್ನು ಹಿಡಿದು ನಿಲ್ಲಿಸಲು ತಕ್ಕುದು, ಎರಡನೆಯದು ಬಿಸಿಲನ್ನು ರಾತ್ರಿಗೆ ದಾಟಿಸಲು. ಕೆಲಸ ಬೇರೆ, ಆಕಾರ ಬೇರೆ.

ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಕೋಡಿಯಿರುವಂತೆ, ಪ್ರತಿಯೊಂದು ಘಟವನ್ನೂ ಮಿತಿ ಮೀರಿ ತುಂಬದಂತೆ ಕಾಯುವ ಏರ್ಪಾಡೊಂದು ಬ್ಯಾಟರಿಯಲ್ಲಿರಬೇಕು. ಕೆರೆಯ ತಳದ ನೀರು ತೂಬಿಗೆ ಎಟುಕದಂತೆ, ಘಟವನ್ನು ತೀರ ಬರಿದು ಮಾಡಲಾಗದು. ಎಲ್ಲಕ್ಕಿಂತ ಹೆಚ್ಚಾಗಿ, ಕೆರೆಗೆ ಹೂಳು. ಘಟವು ತುಂಬಿ ಬರಿದಾದ ಪ್ರತಿಸಲವೂ ಒಳಗೆ ಕಿಂಚಿತ್ತು ಕೆಟ್ಟು, ಹಿಡಿಯುವ ಶಕ್ತಿಯು ವರ್ಷವರ್ಷಕ್ಕೂ ಕುಗ್ಗುವುದು. ಹೂಳನ್ನು ಲೆಕ್ಕಕ್ಕೆ ಹಿಡಿಯದೆ ಕೆರೆ ಕಟ್ಟಿದವನೂ ಸವಕಳಿಯನ್ನು ಹಿಡಿಯದೆ ಬ್ಯಾಟರಿಯನ್ನು ರಚಿಸಿದವನೂ ಒಂದೇ ತಪ್ಪನ್ನು ಮಾಡಿದವರು.

ನಿದರ್ಶನಕ್ಕಾಗಿ, ಶಿವನಸಮುದ್ರದ ಕೇಂದ್ರವು ಬೆಳೆದು ತಲಪಿದ ೪೨ ಮೆಗಾವಾಟ್ ಸಾಮರ್ಥ್ಯವನ್ನೇ ಸಂಜೆಯ ನಾಲ್ಕು ಗಂಟೆಗಳ ಕಾಲ ಬ್ಯಾಟರಿಯಿಂದ ಪಡೆಯಬೇಕೆಂದು ಇಟ್ಟುಕೊಳ್ಳೋಣ. ತಂತಿಗೆ ತಲಪಬೇಕಾದುದು ೧,೬೮,೦೦೦ ಯೂನಿಟ್. ಈಗ ವಾಡಿಕೆಯಲ್ಲಿರುವ, ೨೦ ಅಡಿ ಉದ್ದದ ಉಕ್ಕಿನ ಪೆಟ್ಟಿಗೆಯೊಂದು ಲಿಥಿಯಂ ಕಬ್ಬಿಣ ಫಾಸ್ಫೇಟ್ ಘಟಗಳಲ್ಲಿ ಸುಮಾರು ೫,೦೦೦ ಯೂನಿಟ್ ಹಿಡಿಯುವುದು. ಮೇಲುನೋಟಕ್ಕೆ ೩೪ ಪೆಟ್ಟಿಗೆ ಸಾಕು. ಹೊರಬರುವ ಹಾದಿಯ ನಷ್ಟವು ನೂರಕ್ಕೆ ೭ ಎಂದರೆ ಬೇಕಾದುದು ೧,೮೦,೦೦೦ವನ್ನು ದಾಟುವುದು. ತಳದಲ್ಲಿ ನೂರಕ್ಕೆ ೧೦ನ್ನು ಮುಟ್ಟದೆ ಬಿಟ್ಟರೆ ೨,೦೦,೦೦೦. ಹತ್ತು ಹನ್ನೆರಡು ವರ್ಷಗಳಲ್ಲಿ ನೂರಕ್ಕೆ ೨೦ರ ಸವಕಳಿಯನ್ನು ತಡೆದುಕೊಳ್ಳುವಂತಿರಬೇಕಾದರೆ ೨,೫೦,೦೦೦. ಅಲ್ಲಿಗೆ ೩೪ ಹೋಗಿ ೫೦ ಪೆಟ್ಟಿಗೆಗಳಾದುವು. ತುಂಬುವಾಗಲೂ ನಷ್ಟವುಂಟಾಗುವುದರಿಂದ ದಿನಕ್ಕೆ ಸುಮಾರು ೨,೦೦,೦೦೦ ಯೂನಿಟ್ ಒಳಗೆ ಹೋಗಬೇಕು. ಅದನ್ನು ಬಿಸಿಲಿನಿಂದ ಪಡೆಯಲು ಕೊಳ್ಳೇಗಾಲದ ಸೀಮೆಯಲ್ಲಿ ೨೦೦ ಎಕರೆಯ ಆಸುಪಾಸಿನ ಬೆದ್ದಲು ಭೂಮಿ ಬೇಕಾದೀತು. ಬ್ಯಾಟರಿಯು ಕೂತುಕೊಳ್ಳುವ ನೆಲ ಅಲ್ಪ. ಅದಕ್ಕೆ ಉಣಿಸುವ ನೆಲ ದೊಡ್ಡದು. ಇಷ್ಟೇ ಶಕ್ತಿಯನ್ನು ಹೊಳೆಯಿಂದ ಪಡೆಯಲು ನಾಲ್ಕು ಗಂಟೆಗಳ ಕಾಲ ಸೆಕೆಂಡಿಗೆ ಸುಮಾರು ೧,೫೫೦ ಘನ ಅಡಿ ನೀರು ಇಳಿದರೆ ಸಾಕು.

ಹಾಗೆಯೇ ಒಂದು ಟಿ.ಎಂ.ಸಿ. ನೀರಿನ ಶಕ್ತಿಯನ್ನು ಒಂದೇ ಸಲ ಕೂಡಿಡಲು ೧,೫೦೦ ಪೆಟ್ಟಿಗೆಗಳು ಬೇಕು. ಆದುದರಿಂದ ಬ್ಯಾಟರಿಯು ಕನ್ನಂಬಾಡಿಗೆ ಬದಲಾಗಿ ಬಂದೀತೆಂಬ ಮಾತು ನಿಲ್ಲದು. ಮುಂಗಾರನ್ನು ಬೇಸಗೆಗೆ ಒಯ್ಯುವುದು ಕಟ್ಟೆಯ ಕೆಲಸ. ಮಧ್ಯಾಹ್ನವನ್ನು ಸಂಜೆಗೆ ಒಯ್ಯುವುದು ಬ್ಯಾಟರಿಯ ಕೆಲಸ. ಇವೆರಡರ ನಡುವೆ, ಮೇಲಿನ ಜಲಾಶಯಕ್ಕೆ ನೀರನ್ನು ಪಂಪು ಮಾಡಿ ಇಳಿಸುವ ಕ್ರಮವೊಂದುಂಟು. ಶರಾವತಿಯಲ್ಲಿ ತಲಕಳಲೆ ಗೇರುಸೊಪ್ಪೆಗಳ ಮಧ್ಯೆ ೨,೦೦೦ ಮೆಗಾವಾಟಿನ ಇಂಥ ಯೋಜನೆಯು ಸಿಂಗಳೀಕಗಳ ಕಾಡಿನ ಕಾರಣದಿಂದ ವಿವಾದಕ್ಕೆ ಈಡಾಗಿರುವುದನ್ನು ವಾಚಕರು ಬಲ್ಲರು.

ಶಾಖದ ವಿಚಾರವನ್ನು ಬಿಡುವಂತಿಲ್ಲ. ಘಟದ ಉಷ್ಣತೆಯು ಹತ್ತು ಡಿಗ್ರಿ ಏರಿದರೆ ಅದರ ಸವಕಳಿಯು ಸುಮಾರು ಇಮ್ಮಡಿಸುವುದೆಂದು ಸ್ಥೂಲವಾಗಿ ಹೇಳುವರು. ಬಯಲುಸೀಮೆಯ ಚೈತ್ರ ವೈಶಾಖಗಳಲ್ಲಿ ಉಕ್ಕಿನ ಪೆಟ್ಟಿಗೆಯ ಒಳಗನ್ನು ತಂಪಾಗಿಡಲು ಕೂಡಿಟ್ಟ ಶಕ್ತಿಯಲ್ಲಿಯೇ ಒಂದು ಪಾಲು ಖರ್ಚಾಗುವುದು. ಒಂದು ಘಟವು ಕೆಟ್ಟು ಕಾದರೆ ಪಕ್ಕದ ಘಟವನ್ನೂ ಕಾಯಿಸಿ ಬೆಂಕಿ ಹಬ್ಬಿಸಬಹುದು. ೨೦೨೫ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್ ಎಂಬಲ್ಲಿ ಹಳೆಯ ವಿದ್ಯುದಾಗಾರದ ಕಟ್ಟಡದೊಳಗೇ ಒತ್ತಾಗಿ ಜೋಡಿಸಿದ್ದ ನಿಕ್ಕಲ್ ಬಗೆಯ ಲಿಥಿಯಂ ಘಟಗಳು ಹೊತ್ತಿಕೊಂಡು, ಸುತ್ತಲಿನ ಜನರನ್ನು ತೆರವು ಮಾಡಿಸಬೇಕಾಯಿತು. ಪೆಟ್ಟಿಗೆಗಳನ್ನು ಬಯಲಿನಲ್ಲಿ, ಒಂದರಿಂದೊಂದು ದೂರವಾಗಿ, ಊರಿಗೂ ಕಾಡಿಗೂ ಅಂತರವಿಟ್ಟು ನಿಲ್ಲಿಸುವುದು ಈಗಿನ ಕ್ರಮ. ಬೇಸಗೆಯಲ್ಲಿ ಕಾಡ್ಗಿಚ್ಚು ಏಳುವ ಹನೂರಿನ ಅಂಚಿನಲ್ಲಿ ಈ ಅಂತರವು ಇನ್ನೂ ಹೆಚ್ಚಾಗಿರಬೇಕು.

ಹನೂರು ಯಳಂದೂರುಗಳ ಬೆಟ್ಟಗಳಲ್ಲಿ ಸಂಚಯವು ಇನ್ನೊಂದು ರೂಪದಲ್ಲಿ, ಅಂಗೈಯಗಲವಾಗಿ, ಹಿಂದೆಯೇ ಬಂದಿದೆ. ಬಿಳಿಗಿರಿರಂಗನ ಬೆಟ್ಟವೂ ಮಲೆ ಮಹದೇಶ್ವರ ಬೆಟ್ಟವೂ ವನ್ಯಜೀವಿಗಳ ರಕ್ಷಿತಾರಣ್ಯಗಳು. ಆನೆ ತಿರುಗುವ ಕಾಡಿನಲ್ಲಿ ತಂತಿ ಎಳೆಯುವುದು ಸುಲಭವಲ್ಲ, ಉಚಿತವೂ ಅಲ್ಲ. ಆದುದರಿಂದ ಸೋಲಿಗರ ಪೋಡುಗಳಲ್ಲಿ ಅನೇಕ ಕಡೆ ಸೌರದೀಪವೂ ಪ್ಲಾಂಟೆಯ ಸಂತತಿಯಾದ ಸೀಸದ ಬ್ಯಾಟರಿಯೂ ಬಂದುವು. ೧೨ ವೋಲ್ಟಿನ, ೪೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಅರ್ಧ ಯೂನಿಟ್ಟಿಗಿಂತ ತುಸು ಕಡಮೆ ಶಕ್ತಿಯಿದೆ. ಸೀಸದ ಘಟವನ್ನು ಅರ್ಧಕ್ಕಿಂತ ಕೆಳಗಿಳಿಸಬಾರದಾದುದರಿಂದ ದಕ್ಕುವುದು ೨೪೦ ವಾಟ್-ಗಂಟೆ. ೫ ವಾಟಿನ ಮೂರು ದೀಪಗಳು ದಿನಕ್ಕೆ ಐದು ಗಂಟೆ ಉರಿದರೆ ಮೂರು ರಾತ್ರಿಗೆ ಸಾಕು. ಹಿಂಗಾರಿನ ಮೋಡವು ನಾಲ್ಕನೆಯ ದಿನವೂ ಕವಿದಿದ್ದರೆ ಕತ್ತಲೆ. ಇಲ್ಲಿ ಸೋಲುವುದು ಹೆಚ್ಚಾಗಿ ಲೆಕ್ಕವಲ್ಲ, ಪಾಲನೆ: ಭಟ್ಟಿ ಇಳಿಸಿದ ನೀರನ್ನು ಹೊತ್ತಿಗೆ ಹಾಕುವವರಿಲ್ಲ, ನಾಲ್ಕೈದು ವರ್ಷಗಳ ಮೇಲೆ ಹೊಸ ಬ್ಯಾಟರಿಗೆ ಹಣವಿಲ್ಲ, ಹಳೆಯ ಸೀಸವನ್ನು ಹಿಂದಕ್ಕೆ ಒಯ್ಯುವ ಏರ್ಪಾಡಿಲ್ಲ. ದೀಪವನ್ನು ದಾನ ಕೊಡುವವರು ಬ್ಯಾಟರಿಯ ಆಯುಸ್ಸನ್ನೂ ದಾನಪತ್ರದಲ್ಲಿ ಸೇರಿಸಿದ್ದರೆ ಒಳ್ಳೆಯದಾಗುತ್ತಿದ್ದಿತು.

ಸಂಚಯದ ರಚನೆಯಲ್ಲಿ ಮೊದಲ ಪ್ರಶ್ನೆಯು ಯಾರ ಬೇಡಿಕೆಗಾಗಿ ಎಂಬುದು. ಘಟ, ಪೆಟ್ಟಿಗೆ, ತೂಬು ಎಲ್ಲವೂ ಅದರ ತರುವಾಯ. ೧೯೧೫ರಲ್ಲಿ ಉತ್ತರವು ಸ್ಪಷ್ಟವಾಗಿದ್ದಿತು: ಗಣಿ. ಆ ಗಣಿಯು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಕಟ್ಟೆಯೂ ಜಲಪಾತವೂ ಉಳಿದುವು. ಈಗ ಆ ಸ್ಥಾನದಲ್ಲಿ ಕುಳಿತಿರುವುದು ಬೆಂಗಳೂರು. ಶಿವನಸಮುದ್ರದ ಬಳಿಯಿಂದಲೇ ಎತ್ತಿದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಮೂರು ಮೆಟ್ಟಲುಗಳಲ್ಲಿ ರಾಜಧಾನಿಗೆ ಏರಿಸುತ್ತಾರೆ. ಮೊದಲ ಹಂತವು ೧೯೭೪ರದು, ದಿನಕ್ಕೆ ೭೭.೫ ಕೋಟಿ ಲೀಟರಿನ ಐದನೆಯ ಹಂತವು ೨೦೨೪ರದು. ನೀರು ಬಿದ್ದು ವಿದ್ಯುತ್ತಾಗುವ ಎಡೆಯಲ್ಲಿಯೇ ವಿದ್ಯುತ್ತು ವ್ಯಯವಾಗಿ ನೀರು ಏರುವುದು. ಈ ಪಂಪುಗಳೂ ಹಳೆಯ ಗಣಿಯಂತೆಯೇ ಹಗಲಿರುಳೂ ನಡೆಯತಕ್ಕವು. ಇವುಗಳನ್ನು ಬಿಸಿಲಿರುವಾಗ ಹೆಚ್ಚಾಗಿಯೂ ಸಂಜೆ ಕಡಮೆಯಾಗಿಯೂ ನಡೆಸಿ, ನೀರನ್ನೇ ಊರಿನ ಮೇಲಿನ ತೊಟ್ಟಿಗಳಲ್ಲಿ ಕೂಡಿಟ್ಟರೆ, ಲಿಥಿಯಂ ಪೆಟ್ಟಿಗೆಗಳಲ್ಲಿ ಎಷ್ಟೋ ಉಳಿಸಬಹುದು. ಆದರೆ ಕೊಳವೆಗಳನ್ನೂ ಪಂಪುಗಳನ್ನೂ ಇಪ್ಪತ್ತನಾಲ್ಕು ಗಂಟೆಯ ಸಮವಾದ ಹರಿವಿಗೆ ಅಳೆದು ಮಾಡಿರುವುದರಿಂದ, ಎಂಟು ಗಂಟೆಗಳಲ್ಲಿ ಅದೇ ನೀರನ್ನು ಏರಿಸಬೇಕಾದರೆ ಅವು ಮೂರು ಪಾಲಾಗಬೇಕು. ಆ ಖರ್ಚನ್ನೂ ಬ್ಯಾಟರಿಯ ಖರ್ಚನ್ನೂ ಅಕ್ಕಪಕ್ಕದಲ್ಲಿಟ್ಟು ತೂಗುವಾಗ, ಸಂಜೆಯ ಹೊತ್ತಿಗೆ ರೇಷ್ಮೆಯ ಮಗ್ಗಗಳನ್ನು ನಡೆಸುವ ಕೊಳ್ಳೇಗಾಲದ ಬೇಡಿಕೆಯನ್ನೂ ದಂಡೆಯ ಹೊಲಗಳ ಪಂಪುಸೆಟ್ಟುಗಳನ್ನೂ ತಕ್ಕಡಿಗೆ ಹಾಕಬೇಕು. ೧೯೦೨ರಲ್ಲಿ ಅವನ್ನು ಹಾಕಿರಲಿಲ್ಲ. ಆಗ ಬಲದಂಡೆಯು ಬೇರೆ ಸರಕಾರದ್ದಾಗಿದ್ದಿತು.